ಕಾಟಿಯ ಬೆನ್ನಿಗೆ ಕಪ್ಪು ಸಾಲದು

ಪ್ರಶ್ನೆ: ಕಾಟಿಯ (ಕಾಡುಕೋಣದ) ಚಿತ್ರ ಬರೆಯುತ್ತಿದ್ದೇನೆ. ಮೊದಲು ಅಕ್ರಿಲಿಕ್ ದಪ್ಪಗೆ ಬಳಿದೆ, ಹೊಳಪಿಗೆಂದು ಗ್ಲಾಸಿ ಮೀಡಿಯಂ ಸೇರಿಸಿದೆ. ಅದರ ಮೇಲೆ ಹಾಕಿದ ಆಯಿಲ್ ಬಣ್ಣ ಉಗುರು ತಾಗಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತಿದೆ. ಮೈ ನೋಡಿದರೆ ಟಾರು ಬಳಿದ ಹಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕ್ಯಾನ್ವಾಸ್ ಎಸೆಯಬೇಡಿ. ತಪ್ಪು ಆ ಹೊಳಪಿನದು. ದಪ್ಪ ಅಕ್ರಿಲಿಕ್ ಒಣಗಿದರೆ ನುಣ್ಣನೆ ಪ್ಲಾಸ್ಟಿಕ್ ಹಾಳೆ ಆಗಿಬಿಡುತ್ತದೆ. ಆಯಿಲ್‌ಗೆ ಹಿಡಿದುಕೊಳ್ಳಲು ಸ್ವಲ್ಪ ತರಿ ಬೇಕು. ಎದ್ದಿರುವ ಬಣ್ಣವನ್ನು ನೈಫಿನಿಂದ ಕೆರೆದು ತೆಗೆಯಿರಿ. ನಯವಾದ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಅಕ್ರಿಲಿಕ್ಕನ್ನು ನೀರಲ್ಲಿ ತೆಳು ಮಾಡಿ ಒಂದು ಕೈ ಹಾಕಿ. ಅದರಲ್ಲೇ ನೆರಳು ಬೆಳಕು ಗುರುತಿಸಿಕೊಳ್ಳಿ. ಕೂದಲು ಬಿಡಿಸಲು ಹೋಗಬೇಡಿ. ಮುಟ್ಟಿದರೆ ಅರ್ಧ ಗಂಟೆಯಲ್ಲೇ ಒಣಗಿದ ಹಾಗಿರುತ್ತದೆ, ನಂಬಬೇಡಿ. ನಿಮ್ಮೂರಿನ ಮಳೆಗಾಲ ಗೊತ್ತಲ್ವಾ, ಎರಡು ಮೂರು ದಿನ ಬಿಡಿ.

ಆಯಿಲ್‌ನ ಮೊದಲ ಪದರದ ಬಣ್ಣ ತೆಳು ಮಾಡಲು ಟರ್ಪೆಂಟೈನ್ ಮಾತ್ರ. ಲಿನ್ಸೀಡ್ (ಅಗಸೆ) ಎಣ್ಣೆ ಮೇಲಿನ ಪದರಗಳಿಗೆ ಇರಲಿ. ಕೆಳಗಿನದಕ್ಕೆ ಎಣ್ಣೆ ಜಾಸ್ತಿಯಾದರೆ ಮುಂದೆ ಬಿರುಕು ಬಿಡುತ್ತದೆ. ಆಯಿಲ್ ಮೇಲೆ ಮತ್ತೆ ಅಕ್ರಿಲಿಕ್ ಮಾತ್ರ ಹಾಕಲೇಬೇಡಿ, ನಿಲ್ಲುವುದಿಲ್ಲ.

ಇನ್ನು ಕಪ್ಪಿನ ಮಾತು. ಒಂದು ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರು ಇಳಿದು ಹುಲ್ಲು ಚಿಗುರಿದ್ದಾಗ ಸಂಜೆ ಒಂದು ಗಂಡು ಕಾಟಿಯನ್ನು ತುಂಬ ಹೊತ್ತು ನೋಡುತ್ತಾ ನಿಂತಿದ್ದೆ. ಫೋಟೊದಲ್ಲಿ ಅದರ ಬೆನ್ನು ಬರೀ ಕಪ್ಪಾಗಿ ಬಂತು. ಆದರೆ ನನ್ನ ಸ್ಕೆಚ್ ಪುಸ್ತಕದಲ್ಲಿ ‘ಬೆನ್ನ ಮೇಲೆ ನೀಲಿ, ಹೊಟ್ಟೆಯಡಿ ಕೆಂಪು’ ಎಂದು ಗೀಚಿಕೊಂಡಿದ್ದೆ. ಆಕಾಶ ಬೆನ್ನಿಗೆ ಬಿದ್ದಿತ್ತು, ಮಣ್ಣು ಹೊಟ್ಟೆಗೆ. ಅದಕ್ಕೇ ಟ್ಯೂಬಿನ ಕಪ್ಪು ಪಕ್ಕಕ್ಕಿಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬೆರೆಸಿ, ಕಪ್ಪಿನಂಥದೇ ಬಣ್ಣ ಬರುತ್ತದೆ. ಬೆನ್ನಿನ ಕಡೆ ನೀಲಿ ಹೆಚ್ಚಿಸಿ. ಹೊಟ್ಟೆಯ ಹತ್ತಿರ ಬಣ್ಣ ತೆಳ್ಳಗೆ ಎಳೆದು, ಕೆಳಗಿನ ಸಿಯೆನ್ನಾ ಇಣುಕಲು ಬಿಡಿ. ನಾವು ಅಕ್ರಿಲಿಕ್ ಹಾಕಿದ್ದೇ ಅದಕ್ಕೆ. ಕಾಲಿನ ಬಿಳಿ ಕೂಡ ಅಚ್ಚ ಬಿಳಿಯಲ್ಲ, ಸ್ವಲ್ಪ ಹಳದಿ ಸೇರಿಸಿ. ಕೊಂಬಿನ ತುದಿ ಮಾತ್ರ ನಿಜಕ್ಕೂ ಕಪ್ಪು.

ವಾರ್ನಿಷ್‌ಗೆ ಅವಸರ ಬೇಡ, ಆರು ತಿಂಗಳಾದರೂ ಒಣಗಲಿ.