ಹಸಿರು ಗುರುತು ಇದ್ದರೆ ಸಾಕೇ?

ಪ್ರಶ್ನೆ: ಅಮೆರಿಕದಲ್ಲಿದ್ದಾಗ ಉಣ್ಣಿ ಕಚ್ಚಿ ನನ್ನ ತಮ್ಮನಿಗೆ ಆಲ್ಫಾ-ಗ್ಯಾಲ್ (ಸಸ್ತನಿಗಳ ಮಾಂಸದಲ್ಲಿರುವ ಒಂದು ಬಗೆಯ ಸಕ್ಕರೆ) ಅಲರ್ಜಿ ಶುರುವಾಗಿದೆ. ಕುರಿ, ಹಂದಿ, ದನದ ಮಾಂಸ ಮುಟ್ಟಲೇಬಾರದಂತೆ. ಈಗ ನಮ್ಮ ಮನೆಯಲ್ಲೇ ಇದ್ದಾನೆ. ಪ್ಯಾಕೆಟ್ ತಿಂಡಿಗಳಲ್ಲಿ ಹಸಿರು ಗುರುತು ನೋಡಿ ಕೊಟ್ಟರೆ ಸಾಕಲ್ಲವೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಸಾಲದು. ಆ ಗುರುತು ಇರುವುದು ಸಸ್ಯಾಹಾರಿಗಳಿಗಾಗಿ. ಹಾಲಿನ ಪುಡಿ, ತುಪ್ಪ, ವೇ ಪ್ರೋಟೀನ್ ಎಲ್ಲಕ್ಕೂ ಹಸಿರೇ. ಈ ಅಲರ್ಜಿಯವರಲ್ಲಿ ಹಲವರಿಗೆ ಹಾಲು ಒಗ್ಗುತ್ತದೆ, ಕೆಲವರಿಗೆ ಇಲ್ಲ. ಕೊಬ್ಬು ಹೆಚ್ಚಿರುವ ಕ್ರೀಮ್, ಐಸ್‌ಕ್ರೀಮ್‌ಗೆ ತೊಂದರೆ ಕಾಣುವುದು ಹೆಚ್ಚು. ಅಲರ್ಜಿ ವೈದ್ಯರನ್ನು ಕೇಳಿ, ಮನೆಯಲ್ಲಿ ತಿನ್ನಿಸಿ ಪರೀಕ್ಷೆ ಮಾಡಬೇಡಿ. ಹಾಗೆಯೇ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಕಂಡ ಕೂಡಲೇ ಬಿಡಬೇಕೆಂದೂ ಇಲ್ಲ. ಕೋಳಿ, ಮೀನು, ಮೊಟ್ಟೆಯಲ್ಲಿ ಆಲ್ಫಾ-ಗ್ಯಾಲ್ ಇಲ್ಲ.

ಅಲರ್ಜಿಯ ಎಚ್ಚರಿಕೆ ಸಾಲನ್ನೂ ನೆಚ್ಚಿಕೊಳ್ಳಬೇಡಿ. ಅಲ್ಲಿ ಹಾಲು, ಮೊಟ್ಟೆ, ಸೋಯಾ, ಶೇಂಗಾ ಬರೆಯುವುದು ಕಡ್ಡಾಯ; ಮಾಂಸ, ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು) ಆ ಪಟ್ಟಿಯಲ್ಲೇ ಇಲ್ಲ. ಓದಬೇಕಾದದ್ದು ಇಂಗ್ರೀಡಿಯೆಂಟ್ಸ್ ಪಟ್ಟಿ, ಅದೂ ಕೊನೆಯ ಪದದವರೆಗೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನಾವು ಹುಡುಕುವುದು ಸಾಮಾನ್ಯವಾಗಿ ಬಾಲದಲ್ಲೇ ಇರುತ್ತದೆ. ಜೆಲಟಿನ್, ಕೊಲಾಜನ್, ಲಾರ್ಡ್ (ಹಂದಿಯ ಕೊಬ್ಬು), ಟ್ಯಾಲೋ (ದನ, ಕುರಿಯ ಕೊಬ್ಬು), ಬೀಫ್ ಫ್ಯಾಟ್ – ಇವುಗಳಲ್ಲಿ ಒಂದು ಕಂಡರೂ ವಾಪಸ್ ಇಡಿ. ಮಾರ್ಷ್‌ಮ್ಯಾಲೋ, ಗಮ್ಮಿ ಮಿಠಾಯಿಗಳಲ್ಲಿ ಜೆಲಟಿನ್ ಸಾಮಾನ್ಯ. ಪೆಕ್ಟಿನ್ (ಪಟ್ಟಿಯಲ್ಲಿ ಅದರ ಸಂಕೇತ ಸಂಖ್ಯೆ 440) ಹಾಕಿ ಮಾಡಿದ್ದಾದರೆ ಅದು ಹಣ್ಣಿನದು, ಚಿಂತೆಯಿಲ್ಲ.

ಜನ ಎಡವುವುದು 407 ಎಂಬ ಸಂಕೇತ ಸಂಖ್ಯೆಯಲ್ಲಿ. ಇದು ಕ್ಯಾರಜೀನನ್, ಕೆಂಪು ಕಡಲಪಾಚಿಯಿಂದ ತೆಗೆದದ್ದು, ಆದ್ದರಿಂದ ಹಸಿರು ಗುರುತು. ಆದರೆ ಇದರಲ್ಲೂ ಆಲ್ಫಾ-ಗ್ಯಾಲ್ ಇದೆ. ಜೆಲಟಿನ್ ಬೇಡವೆಂದು ‘ವೆಜ್’ ಜೆಲ್ಲಿ ಪುಡಿ ತಂದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಫ್ಲೇವರ್ಡ್ ಮಿಲ್ಕ್, ಐಸ್‌ಕ್ರೀಮ್‌ನಲ್ಲೂ ನೋಡಿ. ಎಲ್ಲರಿಗೂ ಇದು ಆಗದು ಎಂದಲ್ಲ, ವೈದ್ಯರು ಹೇಳುವವರೆಗೆ ದೂರವಿಡುವುದೇ ಲೇಸು. ಇನ್ನು 471 (ಕೊಬ್ಬಿನಿಂದ ಮಾಡುವ ಎಮಲ್ಸಿಫೈಯರ್, ಅಂದರೆ ಎಣ್ಣೆ-ನೀರು ಬೆರೆಸುವ ಪದಾರ್ಥ): ಹಸಿರು ಗುರುತಿನ ಪ್ಯಾಕೆಟ್‌ನಲ್ಲಿದ್ದರೆ ಸಸ್ಯಮೂಲದ್ದು, ಕಂದು ಇದ್ದರೆ ಕಂಪನಿಗೆ ಫೋನ್ ಮಾಡಿ ಮೂಲ ಕೇಳಿ.

ಗೋವಾದಲ್ಲಿ ಇರುವವರಿಗೆ ಇನ್ನೊಂದು ಮಾತು. ಇಲ್ಲಿನ ಸಾಸೇಜ್ ಆದ ಚೋರಿಸ್ ಹಂದಿಯದ್ದೆಂದು ಎಲ್ಲರಿಗೂ ಗೊತ್ತು. ಚಿಕನ್ ಸಾಸೇಜಿನ ಒಳಗೆ ಕೋಳಿಯೇ ಇದ್ದರೂ ಹೊರಗಿನ ಸಿಪ್ಪೆ ಕುರಿ ಅಥವಾ ಹಂದಿಯ ಕರುಳಿನದಾಗಿರಬಹುದು, ಇಲ್ಲವೇ ದನದ ಚರ್ಮದ ಕೊಲಾಜನ್. ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಒಂದೇ ಚಾಕುವಿನಿಂದ ಹಂದಿ, ಕೋಳಿ ಎರಡನ್ನೂ ಕತ್ತರಿಸಿ ಕೊಟ್ಟರೆ ಕೋಳಿಯೂ ಸುರಕ್ಷಿತವಲ್ಲ.

ತೊಂದರೆ ಶುರುವಾಗುವುದು ತಿಂದ 2ರಿಂದ 6 ಗಂಟೆಯ ನಂತರ. ರಾತ್ರಿ ಊಟದ್ದು ನಡುರಾತ್ರಿಯಲ್ಲಿ ತುರಿಕೆ, ದದ್ದು, ಹೊಟ್ಟೆನೋವಾಗಿ ಏಳುತ್ತದೆ. ಹಾಗಾಗಿ ರ‍್ಯಾಪರ್ ಮರುದಿನದವರೆಗೆ ಎಸೆಯಬೇಡಿ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ವೈದ್ಯರು ಕೊಟ್ಟಿರುವ ಅಡ್ರಿನಲಿನ್ ಕೊಟ್ಟು ತಕ್ಷಣ 108ಕ್ಕೆ ಕರೆ ಮಾಡಿ.

ಔಷಧದ ಕ್ಯಾಪ್ಸೂಲನ್ನೂ ಮರೆಯಬೇಡಿ, ಬಹಳಷ್ಟರ ಕವಚ ಜೆಲಟಿನ್‌ನದು, ಮೀನೆಣ್ಣೆಯದ್ದೂ ಸೇರಿ. ಆಪರೇಷನ್ ಇದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುವುದರಿಂದ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.