ಬಿಸಿಲಿಗೆ ಎಲೆಯಲ್ಲಿ ಮೊದಲು ಸೋಲುವುದು ಯಾವುದು?

ಪ್ರಶ್ನೆ: ಏಪ್ರಿಲ್ ಬಂತೆಂದರೆ ನಮ್ಮ ಟೊಮೇಟೊ ಎಲೆಗಳು ದೋಣಿಯಂತೆ ಮೇಲಕ್ಕೆ ಸುರುಳಿಕೊಳ್ಳುತ್ತವೆ. ಹನಿ ನೀರಾವರಿ ಇದೆ, ಮಣ್ಣಲ್ಲಿ ತೇವವೂ ಇದೆ. ಪಕ್ಕದ ಹೊಲದ ಮುಸುಕಿನ ಜೋಳ ಮಾತ್ರ ನಳನಳಿಸುತ್ತಿದೆ. ಏನು ಕಾರಣ?
– ಓದುಗರು, ಚಿಂತಾಮಣಿ

ಉತ್ತರ: ಮೊದಲು ಇದು ಎಲೆ ಮುಟುರು ರೋಗ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ರೋಗವಾದರೆ ತುದಿಯ ಹೊಸ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಗಿಡ ಗಿಡ್ಡವಾಗುತ್ತದೆ. ಬಿಸಿಲಿನ ಸುರುಳಿ ಸಾಮಾನ್ಯವಾಗಿ ಕೆಳಗಿನ ಬಲಿತ ಎಲೆಗಳಿಂದ ಶುರುವಾಗುತ್ತದೆ. ಎಲೆ ದಪ್ಪವಾಗಿ ಒರಟಾದರೂ ತುದಿ ಚೆನ್ನಾಗಿ ಬೆಳೆಯುತ್ತಿರುತ್ತದೆ.

ಈಗ ಎಲೆಯ ಒಳಗಿನ ಮಾತು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ ರುಬಿಸ್ಕೊ. ಅದು ಗಟ್ಟಿ ಕಿಣ್ವ, 45 ಡಿಗ್ರಿಗೂ ಸುಲಭವಾಗಿ ಕೆಡದು. ಆದರೆ ಕೆಲಸ ಮಾಡುತ್ತಾ ಮಾಡುತ್ತಾ ಅದರ ಬಾಯಿಗೆ ಬೇಡದ ಸಕ್ಕರೆ ಫಾಸ್ಫೇಟ್ ಅಂಟಿಕೊಂಡು ಮುಚ್ಚಿಹೋಗುತ್ತದೆ. ಅದನ್ನು ಶಕ್ತಿ ವ್ಯಯಿಸಿ ಬಿಡಿಸುವುದು ರುಬಿಸ್ಕೊ ಆಕ್ಟಿವೇಸ್ ಎಂಬ ಸಹಾಯಕ ಕಿಣ್ವ. ಸೋಲುವುದು ಈ ಸಹಾಯಕ. ಅನೇಕ ಬೆಳೆಗಳಲ್ಲಿ ಎಲೆಯ ಬಿಸಿ 35 ಡಿಗ್ರಿ ದಾಟುತ್ತಿದ್ದಂತೆ ಅದರ ಕೆಲಸ ಕುಗ್ಗುತ್ತದೆ. ಯಜಮಾನನಾದ ರುಬಿಸ್ಕೊ ಗಟ್ಟಿಯಿದ್ದೂ ಕೆಲಸ ನಿಲ್ಲುತ್ತದೆ.

ಇನ್ನೊಂದು ನಷ್ಟವೂ ಇದೆ. ರುಬಿಸ್ಕೊ ಆಗಾಗ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. 25 ಡಿಗ್ರಿಯಲ್ಲಿ ಮೂರ್ನಾಲ್ಕಕ್ಕೆ ಒಂದರಂತೆ ಈ ತಪ್ಪು ಆಗುತ್ತಿದ್ದರೆ, ಬಿಸಿ ಏರಿದಷ್ಟೂ ಅದು ಹೆಚ್ಚುತ್ತದೆ. ಹಿಡಿದ ಇಂಗಾಲದ ಒಂದು ಪಾಲು ಹೊರಹೋಗುತ್ತದೆ. ಜೋಳ, ಮುಸುಕಿನ ಜೋಳ, ರಾಗಿ, ಕಬ್ಬು ಬೇರೊಂದು ಕಿಣ್ವದಿಂದ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿದು, ನಾಳಗಳ ಸುತ್ತಲಿನ ಕೋಶಗಳಲ್ಲಿ ದಟ್ಟಗೊಳಿಸಿ ರುಬಿಸ್ಕೊಗೆ ಒದಗಿಸುತ್ತವೆ. ಆದ್ದರಿಂದ ಅಲ್ಲಿ ಈ ತಪ್ಪು ಬಹಳ ಕಡಿಮೆ. ಹಾಗೆಂದು ಅವಕ್ಕೆ ಮಿತಿಯಿಲ್ಲವೆಂದಲ್ಲ: ಮುಸುಕಿನ ಜೋಳದ ಆಕ್ಟಿವೇಸ್ ಕೂಡ 38 ಡಿಗ್ರಿಯಾಚೆ ಮಂಕಾಗುತ್ತದೆ.

ನೀವು ನೋಡಬೇಕಾದದ್ದು ಹವೆಯ ಬಿಸಿಯನ್ನಲ್ಲ, ಎಲೆಯ ಬಿಸಿಯನ್ನು. ಪತ್ರರಂಧ್ರ (ಎಲೆಯ ಮೈಮೇಲಿನ ಸಣ್ಣ ಉಸಿರುಕಂಡಿ) ತೆರೆದು ನೀರಾವಿ ಹೊರಹೋಗುತ್ತಿದ್ದರೆ ಎಲೆ ತಂಪಾಗಿರುತ್ತದೆ. ಮುಚ್ಚಿದರೆ ಹವೆಗಿಂತ ಹಲವು ಡಿಗ್ರಿ ಏರುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಎಮಿಸಿವಿಟಿಯನ್ನು (ಮೈ ಎಷ್ಟು ಶಾಖ ಸೂಸುತ್ತದೆ ಎಂಬ ಅಳತೆ) 0.95ಕ್ಕೆ ಇಟ್ಟು, ಎಲೆಗೆ ತೀರಾ ಹತ್ತಿರ ಹಿಡಿದು ಮಧ್ಯಾಹ್ನ ಎರಡಕ್ಕೆ ಅಳೆಯಿರಿ. ದೂರ ಹಿಡಿದರೆ ಕಾದ ನೆಲದ ಬಿಸಿಯೂ ಸೇರಿ ಲೆಕ್ಕ ತಪ್ಪುತ್ತದೆ. ಎಲೆ ಹವೆಗಿಂತ ಬಿಸಿಯಾಗಿದ್ದರೆ ಮಣ್ಣಲ್ಲಿ ತೇವವಿದ್ದರೂ ಬೇರು ಅದನ್ನು ಬೇಕಾದ ವೇಗದಲ್ಲಿ ಮೇಲೆತ್ತುತ್ತಿಲ್ಲ ಎಂದು ತಿಳಿಯಿರಿ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಲ್ಲೇ ಉಳಿದಿರುವುದು, ಬೇರುಗಂಟು ಜಂತುಹುಳು ಇವು ಸಾಮಾನ್ಯ ಕಾರಣಗಳು. ಒಂದು ಗಿಡ ಕಿತ್ತು ಬೇರು ನೋಡಿ.

ಹೂವಿನ ಕಡೆಗೂ ಗಮನವಿರಲಿ. ಎಲೆ ತಾಳಿಕೊಂಡರೂ ಹಗಲು 32–35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೇಟೊ ಪರಾಗ ಕೆಟ್ಟು ಹೂ ಉದುರುತ್ತದೆ. ಎಲೆಗೆ ಏನು ಸಿಂಪಡಿಸಿದರೂ ಕೆಟ್ಟ ಪರಾಗ ಸರಿಹೋಗದು. ಈ ತಿಂಗಳುಗಳಲ್ಲಿ ಶೇ. 35ರ ನೆರಳು ಪರದೆ ಕಟ್ಟುವುದು ಮೇಲು. ಶೇ. 75ರದ್ದು ಬೇಡ, ಬೆಳಕು ಸಾಲದೆ ಕಾಂಡ ಸಣಕಲಾಗುತ್ತದೆ.

ಪ್ರಶ್ನೆ: ನೆರಳು ಮನೆಯಿಂದ ತಂದು ನೆಟ್ಟ ದೊಣ್ಣೆಮೆಣಸಿನ ಸಸಿಗಳ ಎಲೆ ಮೂರೇ ದಿನಕ್ಕೆ ಬಿಳಿಚಿ ಸುಟ್ಟಂತಾಯಿತು. ಗೊಬ್ಬರದ ತಪ್ಪೇ?
– ಓದುಗರು, ಮಾಲೂರು

ಉತ್ತರ: ಬಿಳಿಚಿದ್ದು ಬಿಸಿಲಿಗೆ ತೆರೆದ ಮೇಲ್ಭಾಗದ ಎಲೆಗಳಾದರೆ ಗೊಬ್ಬರದ್ದಲ್ಲ, ಅವಸರದ ತಪ್ಪು. ಎಲೆ ಬಿಸಿಗೆ ಹೊಂದಿಕೊಳ್ಳಬಲ್ಲದು, ಆದರೆ ಸಮಯ ಕೇಳುತ್ತದೆ. ಶಾಖ ತಗುಲಿದ ಒಂದೆರಡು ಗಂಟೆಯಲ್ಲಿ ರಕ್ಷಕ ಪ್ರೋಟೀನ್‌ಗಳು ತಯಾರಾಗಿ, ಬಿಸಿಗೆ ಆಕಾರ ಕೆಟ್ಟ ಇತರ ಪ್ರೋಟೀನ್‌ಗಳನ್ನು ಹಿಡಿದು ಸರಿಪಡಿಸುತ್ತವೆ. ಕೋಶಪೊರೆಯ ಕೊಬ್ಬು ಬಿಸಿಗೆ ಕರಗಿ ಸಡಿಲವಾಗದಂತೆ ಬದಲಾಗಲು ಮಾತ್ರ ಹಲವು ದಿನ ಬೇಕು. ನೆರಳಲ್ಲಿ ಬೆಳೆದ ತೆಳು ಎಲೆ ದಪ್ಪವಾಗುವುದೇ ಇಲ್ಲ. ಬಿಸಿಲಿಗೆ ತಕ್ಕ ಎಲೆ ಎಂದರೆ ಹೊಸದಾಗಿ ಬರುವ ಎಲೆ.

ಆದ್ದರಿಂದ ನಾಟಿಗೆ 7–10 ದಿನ ಮೊದಲೇ ಟ್ರೇಗಳನ್ನು ಬಿಸಿಲಿಗೆ ಒಗ್ಗಿಸಿ. ಮೊದಲ ಎರಡು ದಿನ ಬೆಳಗಿನ ಎರಡು ಗಂಟೆ ಸಾಕು. ಮುಂದೆ ದಿನಕ್ಕೆ ಒಂದು ಗಂಟೆ ಹೆಚ್ಚಿಸುತ್ತಾ ಹೋಗಿ. ನೀರು ಸ್ವಲ್ಪ ತಗ್ಗಿಸಿ, ಬಾಡಲು ಬಿಡಬೇಡಿ. ಯೂರಿಯಾ ನಿಲ್ಲಿಸಿ. ನಾಟಿ ಸಂಜೆ ನಾಲ್ಕರ ನಂತರ. ಪ್ಲಾಸ್ಟಿಕ್ ಹೊದಿಕೆಯಿದ್ದರೆ ಬೆಳ್ಳಿ ಬಣ್ಣದ ಮೈ ಮೇಲಿರಲಿ. ರಂಧ್ರದ ಸುತ್ತ ಒಂದು ಹಿಡಿ ಮಣ್ಣು ಹಾಕಿ; ಇಲ್ಲದಿದ್ದರೆ ಹೊದಿಕೆಯಡಿಯ ಬಿಸಿಗಾಳಿ ಅಲ್ಲಿಂದಲೇ ನುಗ್ಗಿ ಕಾಂಡದ ಬುಡ ಸುಡುತ್ತದೆ.

ಈಗಿರುವ ಸಸಿಗಳ ಸುಳಿ ಹಸಿರಾಗಿದ್ದರೆ ಕೀಳಬೇಡಿ. ಒಂದು ವಾರ ಪಶ್ಚಿಮದ ಬಿಸಿಲಿಗೆ ಗರಿ ಮರೆ ಕೊಡಿ, ಹೊಸ ಎಲೆ ಬರುತ್ತದೆ.

ಪ್ರಶ್ನೆ: ನಡು ಮಧ್ಯಾಹ್ನ ಎಲೆಗೆ ನೀರು ಚಿಮುಕಿಸಬಹುದೇ?
– ಓದುಗರು, ತುಮಕೂರು

ಉತ್ತರ: ಹನಿಗಳು ಮಸೂರದಂತೆ ಎಲೆ ಸುಡುತ್ತವೆ ಎಂಬ ಭಯ ನಯವಾದ ಎಲೆಗಳ ಮಟ್ಟಿಗೆ ಬೇಡ. ತಂಪು ಮಾತ್ರ ನೀರು ಆರುವವರೆಗಷ್ಟೇ. ಉಪ್ಪಿನ ಕೊಳವೆಬಾವಿ ನೀರು ಎಲೆಯ ಮೇಲೆ ಆರಿ ಆರಿ ಅಂಚು ಕರಕಲಾಗುತ್ತದೆ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಸುಡುವಷ್ಟು ಬಿಸಿಯಿರುತ್ತದೆ, ಅದನ್ನು ಹೊರಗೆ ಬಿಡಿ. ಮಧ್ಯಾಹ್ನ ಚಿಮುಕಿಸುವ ನೀರನ್ನೇ ಬೆಳಗ್ಗೆ ಬೇರಿಗೆ ಕೊಟ್ಟರೆ ಎಲೆ ದಿನವಿಡೀ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ.