ಬಿಸಿ ಮಾಡಿಸಿದ ಸೂಪು

ಮೊದಲ ಸಲ ಬಂದಾಗ ಗಂಡ ಜೀಪಿನಲ್ಲಿ ಬಂದರು, ಹೆಂಡತಿ ಮೂಡಿಗೆರೆ ಬಸ್ಸಿನಲ್ಲಿ. ಹೊರಟಿದ್ದು ಒಂದೇ ಮನೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಗಂಡ-ಹೆಂಡಿರನ್ನು ಕೂರಿಸಿ ಆಪ್ತಸಲಹೆ ಕೊಡುವ ಚಿಕ್ಕಮಗಳೂರಿನ ನನ್ನ ಕೋಣೆಯಲ್ಲಿ ಇರುವುದೇ ಮೂರು ಕುರ್ಚಿ. ಆತ ಬಾಗಿಲ ಹತ್ತಿರದ್ದನ್ನು ಹಿಡಿದು, ಜೀಪಿನ ಕೀಯನ್ನು ಕೈಯಲ್ಲೇ ಇಟ್ಟುಕೊಂಡು ಕೂತರು. ಈಗಲೋ ಆಗಲೋ ಎದ್ದು ಹೋಗುವವರ ಹಾಗೆ.

ಹೆಸರು, ಊರು, ಮಕ್ಕಳ ವಿವರ ಎಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಆತನನ್ನು ರಾಜಣ್ಣ, ಆಕೆಯನ್ನು ವಿಮಲಕ್ಕ ಎಂದಿಟ್ಟುಕೊಳ್ಳಿ. ಆತನಿಗೆ 55 ದಾಟಿದೆ. ಮದುವೆಯಾಗಿ 28 ವರ್ಷ. ರೊಬಸ್ಟಾ ಕಾಫಿಯ ತೋಟ, ಮಧ್ಯೆ ಮೆಣಸು.

"ಎರಡು ತಿಂಗಳಾಯ್ತು ಮೇಡಂ, ಇವರು ನನ್ನ ಹತ್ರ ಸರಿಯಾಗಿ ಮಾತಾಡಿ," ಎಂದರು ವಿಮಲಕ್ಕ. "'ಕೀ ಎಲ್ಲಿ', 'ಕರೆಂಟ್ ಹೋಯ್ತು', 'ಊಟ ಬೇಡ'. ಇಷ್ಟೇ."

"ಯಾವಾಗಿಂದ?"

"ಹಡಗಿಂದ."

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಇರಬೇಕು ಅಂದುಕೊಂಡೆ. ಅಲ್ಲ, ಕೆರಿಬಿಯನ್ ಸಮುದ್ರವಂತೆ. ಕಾಫಿಗೆ ಒಳ್ಳೆಯ ರೇಟು ಬಂದ ಮೇಲೆ ನಮ್ಮ ಕಡೆಯ ಜಗಳಗಳೂ ವಿದೇಶ ಪ್ರವಾಸ ಮಾಡಿ ಬರುತ್ತಿವೆ.

ರಾಜಣ್ಣನ ಹಾಸ್ಟೆಲ್ ಕಾಲದ ಗೆಳೆಯರು ಮೂವರು. ನಾಲ್ಕೂ ಜೋಡಿ ಸೇರಿ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಮಯಾಮಿಗೆ ಹೋಗಿ ಹಡಗು ಹತ್ತಿದ್ದಾರೆ. 7 ರಾತ್ರಿ. ಜಮೈಕಾದ ಓಚೋ ರಿಯೋಸ್, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೊಜುಮೆಲ್, ತಿರುಗಿ ಮಯಾಮಿ. ಟಿಕೆಟ್ಟು, ರೂಮು, ದಡಕ್ಕಿಳಿದಾಗಿನ ಸುತ್ತಾಟ, ಎಲ್ಲವನ್ನೂ ತನ್ನ ಕಾರ್ಡಿನಲ್ಲೇ ಬುಕ್ ಮಾಡಿದ್ದು ಒಬ್ಬ ಗೆಳೆಯ. ಗುಂಪಿನವರು ಅವರನ್ನು ಲೀಡರ್ ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದೆ. ಒಂದೇ ಹಡಗಿನಲ್ಲಿ ಹೋದವರ ಮಾತು ಅನ್ನಿಸಲಿಲ್ಲ.

ವಿಮಲಕ್ಕನ ಹಡಗು ಒಂದು ಪೇಟೆ. ಮೊದಲ ದಿನ ದಾರಿ ತಪ್ಪಿ, ಎಲ್ಲ ಬಾಗಿಲೂ ಒಂದೇ ಥರ ಕಂಡು, ಅಳು ಬಂದಿತ್ತಂತೆ. ರೂಮು ಚೊಕ್ಕ ಮಾಡುವ ಗೋವಾದ ಹುಡುಗನೊಬ್ಬ ಗುಟ್ಟು ಹೇಳಿಕೊಟ್ಟ: ಕಾರ್ಪೆಟ್ಟಿನ ಮೇಲಿನ ಮೀನುಗಳೆಲ್ಲ ಹಡಗಿನ ಮೂತಿಯ ಕಡೆಗೇ ಈಜುತ್ತಿರುತ್ತವೆ, ಅವನ್ನು ನೋಡಿಕೊಂಡು ನಡೆದರೆ ಸಾಕು ಅಂತ. ಮರುದಿನದಿಂದ ಉಳಿದ ಮೂವರು ಹೆಂಗಸರಿಗೆ ಈಕೆಯೇ ದಾರಿ ತೋರಿಸಿದ್ದು. ಟವೆಲ್ಲಿನಲ್ಲಿ ಆನೆ ಮಾಡುವುದನ್ನೂ ಆ ಹುಡುಗನಿಂದ ಕಲಿತು ಬಂದಿದ್ದಾರೆ. ನನ್ನ ಮೇಜಿನ ಮೇಲಿದ್ದ ಕೈವಸ್ತ್ರದಲ್ಲಿ ಮಾಡಿ ತೋರಿಸಿದರು. ಆನೆ ಅನ್ನುವುದಕ್ಕಿಂತ ಹಂದಿ ಅನ್ನಬಹುದಿತ್ತು, ಹೇಳಲಿಲ್ಲ.

ರಾಜಣ್ಣನ ಹಡಗು ಒಂದು ಕಿಟಕಿ ಇಲ್ಲದ ರೂಮು. ಗೆಳೆಯರು ಬಾಲ್ಕನಿ ಇರುವ ರೂಮು ತಗೊಂಡರೆ ಇವರು ಒಳಗಿನ ಅಗ್ಗದ ರೂಮು ಸಾಕೆಂದಿದ್ದರು. "ಮಲಗೋಕೆ ತಾನೇ" ಎಂದವರೂ ಇವರೇ. "ಅದ್ರಲ್ಲಿ ಬೆಳಗಾಯ್ತಾ ಇಲ್ವಾ ಗೊತ್ತಾಗ್ತಿರ್ಲಿಲ್ಲ ಮೇಡಂ. ದೀಪ ಆರಿಸಿದ್ರೆ ಮಧ್ಯಾಹ್ನ 12ಕ್ಕೂ ಅಮಾವಾಸ್ಯೆ." ಹುಟ್ಟಿದಾಗಿನಿಂದ ಹಕ್ಕಿ ಕೂಗಿಗೆ ಎದ್ದವರು. ಎರಡನೇ ದಿನವಿಡೀ ಸಮುದ್ರ, ತಲೆಸುತ್ತು, ಮಾತ್ರೆ, ನಿದ್ದೆ. ಅದರ ಮೇಲೆ ತೋಟದ ಚಿಂತೆ. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುವ ಕಾಲ ಅದು. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ಹೂವು. ಬೆಳಿಗ್ಗೆ 8ಕ್ಕೆ ತೋಟದ ಕೆಲಸ ನೋಡಿಕೊಳ್ಳುವ ರೈಟರು ಆಳುಗಳಿಗೆ ಕೆಲಸ ಹಂಚುವ ಹೊತ್ತಿಗೆ ಹಡಗಿನಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ, ಅಂದರೆ ಎಲ್ಲರೂ ಊಟದ ಮೇಜಿನಲ್ಲಿ ಕೂತಿರುವ ಸಮಯ. ದಿನಾ ಅರ್ಧ ಊಟಕ್ಕೆ ಎದ್ದು, ದುಡ್ಡು ಕೊಟ್ಟು ಹಾಕಿಸಿಕೊಂಡ ವೈಫೈನಲ್ಲಿ ರೈಟರಿಗೆ ಫೋನು. "ಗೌಡ್ರು ಹಡಗಿಗೂ ಪೈಪ್ ಎಳಿತಾರೆ ನೋಡ್ರೋ" ಎಂದು ಗೆಳೆಯರ ನಗೆ.

ಸೂಪಿನ ಕಥೆಗೆ ಬರುತ್ತೇನೆ, ಏಕೆಂದರೆ ಇಬ್ಬರೂ ಅದಕ್ಕೇ ಬಂದು ನಿಂತರು. ಕೋಟು ಹಾಕಿಕೊಂಡು ಹೋಗಬೇಕಾದ ರಾತ್ರಿ ಊಟ. ಮೆನುವಿನಲ್ಲಿ ಸೂಪ್ ಎಂದಿದ್ದನ್ನು ನೋಡಿ ರಾಜಣ್ಣ ಬೆರಳಿಟ್ಟರು. ಬಂದದ್ದು ಸ್ಟ್ರಾಬೆರಿ ಸೂಪು. ಆ ಹಡಗುಗಳಲ್ಲಿ ಹಣ್ಣಿನ ಸೂಪನ್ನು ತಣ್ಣಗೇ ಕೊಡುವುದು. ಇವರು ಒಂದು ಚಮಚ ಬಾಯಿಗಿಟ್ಟು, ಬಡಿಸುವವನನ್ನು ಕರೆದು, ತಮಗೆ ಬಂದ ಇಂಗ್ಲಿಷಿನಲ್ಲಿ ಬಿಸಿ ಮಾಡಿ ತರಲು ಹೇಳಿದರು. ಆತ ಮುಖದಲ್ಲಿ ಏನೂ ತೋರಿಸದೆ ತೆಗೆದುಕೊಂಡು ಹೋಗಿ, ಹಬೆಯಾಡುವ ಸ್ಟ್ರಾಬೆರಿ ರಸವನ್ನು ತಂದಿಟ್ಟ. ಅಷ್ಟರಲ್ಲಿ ಲೀಡರ್ ಮೊಬೈಲು ಎತ್ತಿದ್ದರು. "ನಾಳೆ ಐಸ್‌ಕ್ರೀಮೂ ಬಿಸಿ ಮಾಡ್ಸು ಮಾರಾಯ!" ವಿಡಿಯೋ ಅದೇ ರಾತ್ರಿ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿಂದ ಬೆಂಗಳೂರಿನ ಮಗನ ತನಕ. ಅದರಲ್ಲಿ ಎಲ್ಲರಿಗಿಂತ ಜೋರಾಗಿ, ಕಣ್ಣೀರು ಒರೆಸಿಕೊಂಡು ನಗುತ್ತಿರುವುದು ವಿಮಲಕ್ಕ.

"ಅವ್ರೆಲ್ಲ ನಕ್ಕಿದ್ದು ನಂಗೇನಿಲ್ಲ," ಎಂದರು ರಾಜಣ್ಣ.

ಮೂರನೇ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಓಚೋ ರಿಯೋಸ್ ಹತ್ತಿರ ಡನ್ಸ್ ರಿವರ್ ಎಂಬ ಜಲಪಾತವಿದೆ, ಸುಮಾರು 600 ಅಡಿ ಉದ್ದ. ಒಂದೇ ಏಟಿಗೆ ಬೀಳುವುದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಮುದ್ರ ಸೇರುತ್ತದೆ. ಪ್ರವಾಸಿಗರು ಒಬ್ಬರ ಕೈ ಒಬ್ಬರು ಹಿಡಿದು, ಸಾಲಾಗಿ, ನೀರಿನಲ್ಲೇ ಕೆಳಗಿನಿಂದ ಮೇಲೆ ಹತ್ತುತ್ತಾರೆ. ರಾಜಣ್ಣ ಎಲ್ಲರ ಚೀಲ ಕಾಯುತ್ತಾ ಕೆಳಗೆ ಉಳಿದರು. ವಿಮಲಕ್ಕ ಹತ್ತಿದರು, ಮುಂದೆ ಲೀಡರ್, ಅವರ ಕೈಯಲ್ಲಿ ಈಕೆಯ ಕೈ.

ಇಷ್ಟು ಹೇಳಿ ರಾಜಣ್ಣ "ಅದೇನಿಲ್ಲ ಬಿಡಿ" ಎಂದರು. ಬಿಡಲಿಲ್ಲ ನಾನು. ಸಂಶಯವೇ ಎಂದು ನೇರವಾಗಿ ಕೇಳಿದೆ. ಇಂಥ ಕಡೆ ಸುತ್ತಿ ಬಳಸಿ ಕೇಳಿದರೆ ಜನ ಇನ್ನೂ ಮುದುಡಿಕೊಳ್ಳುತ್ತಾರೆ.

"ಥೂ, ಅದಲ್ಲ ಮೇಡಂ. ಜಾರ್ತಾಳೆ ಅಂತ ನಂಗೆ ಜೀವ ಹೋಗ್ತಿತ್ತು. ಕೆಳಗೆ ನಿಂತು ನೋಡ್ತಾನೇ ಇದ್ದೆ." ಸ್ವಲ್ಪ ಹೊತ್ತು ಕೀ ತಿರುಗಿಸಿದರು. "ಜಾರಲೇ ಇಲ್ಲ ಅವಳು."

ಊರಿಗೆ ಬಂದಾಗ ಹೂವು ಮುಗಿದಿತ್ತು. ಬಿಳಿ ಎಲ್ಲ ಕಂದಾಗಿ ಗಿಡಕ್ಕೆ ಅಂಟಿಕೊಂಡಿತ್ತು. ತೋಟವೆಲ್ಲ ಮಲ್ಲಿಗೆ ಮುಡಿದಂತಿರುವ ಆ ಎರಡು ಮೂರು ದಿನ ಆತ ಊರಲ್ಲಿ ಇಲ್ಲದೇ ಹೋದದ್ದು ಜೀವಮಾನದಲ್ಲಿ ಅದೇ ಮೊದಲು. ರೈಟರು ನೀರಿನ ಕೆಲಸವನ್ನು ಒಂದಿಷ್ಟೂ ತಪ್ಪಿಲ್ಲದೆ ಮುಗಿಸಿದ್ದರು. ಇದನ್ನು ಹೇಳುವಾಗ ರಾಜಣ್ಣನ ದನಿಯಲ್ಲಿದ್ದದ್ದು ಸಮಾಧಾನವಲ್ಲ, ದೂರು. ನನ್ನ ಪುಸ್ತಕದಲ್ಲಿ ಅವತ್ತು ಒಂದೇ ಸಾಲು ಗುರುತು ಹಾಕಿಕೊಂಡೆ: ಹಡಗಿನಲ್ಲಿ ಹೆಂಡತಿಗೆ ಬೇಕಾಗಲಿಲ್ಲ, ಊರಲ್ಲಿ ತೋಟಕ್ಕೂ ಬೇಕಾಗಲಿಲ್ಲ.

ಇಂಥವರ ಮೌನವನ್ನು ಬರೀ ಮುನಿಸು ಎಂದು ತಳ್ಳಿಹಾಕಬಾರದು. ನಿದ್ದೆ, ಹಸಿವು, ಕುಡಿತ, ಬದುಕು ಸಾಕೆನ್ನಿಸುವ ಯೋಚನೆ, ಎಲ್ಲವನ್ನೂ ವಿಚಾರಿಸಿದೆ. ಸಾಯುವ ಯೋಚನೆ ಇರಲಿಲ್ಲ. ನಿದ್ದೆ ಕೆಟ್ಟಿತ್ತು, ಸಂಜೆಯ ಒಂದು ಪೆಗ್ಗು ಮೂರಾಗಿತ್ತು. ಬಿಪಿ ನೋಡಿಸಿಕೊಂಡು ಬರದೆ ಮುಂದಿನ ಭೇಟಿ ಇಲ್ಲ ಎಂದೆ. ಅದಕ್ಕೆ ಸ್ವಲ್ಪ ಬೇಜಾರಾದರು, ಆದರೆ ಹೋಗಿ ಬಂದರು. ಮಾತ್ರೆ ಶುರುವಾಯಿತು. ರಾತ್ರಿ ಮನಸ್ಸು ಕೈಕೊಟ್ಟರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಇಬ್ಬರಿಗೂ ಕೊಟ್ಟೆ.

ನಾಲ್ಕನೇ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿಮಲಕ್ಕನಿಗೆ ಒಂದು ಪ್ರಶ್ನೆ ಕೇಳಿದೆ. ಗೊತ್ತಿಲ್ಲದ ಜನ, ಗೊತ್ತಿಲ್ಲದ ಊಟ, ಗೊತ್ತಿಲ್ಲದ ಮಾತು. ಅಷ್ಟು ಬೇಗ ಹೇಗೆ ಒಗ್ಗಿಕೊಂಡಿರಿ?

"ಹೊಸದೇನಲ್ಲ ಮೇಡಂ. ಮದುವೆಯಾಗಿ ಬಂದಾಗ ನಂಗೆ ಮಲೆನಾಡೂ ಹಾಗೇ ಇತ್ತಲ್ಲ."

ಆಕೆ ಅರಸೀಕೆರೆ ಕಡೆಯವರು. ತೆಂಗಿನ ತೋಟ, ಬಯಲು, ಒಣ ಗಾಳಿ. ಇಲ್ಲಿ ಬಂದರೆ ತಿಂಗಳುಗಟ್ಟಲೆ ಮಳೆ, ಒದ್ದೆ ಸೌದೆ, ಕಡುಬು ಮಾಡಲು ಬಾರದ ಕೈ, ಮನೆ ತುಂಬ ನಾದಿನಿಯರು. ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂದು ನೋಡಿ ನೋಡಿ ಕಲಿತದ್ದು. "ಆಗ ಕೊಟ್ಟಿಗೆ ಕೆಲಸದವಳನ್ನ ಕೇಳಿ ಕಲಿತೆ. ಹಡಗಲ್ಲಿ ರೂಮಿನ ಹುಡುಗನ್ನ ಕೇಳಿದೆ. ಮೊದಲ ಮಳೆಗಾಲದಲ್ಲಿ ಆ ಉಂಬಳ..."

ಉಂಬಳ ಅಂದರೆ ರಕ್ತ ಹೀರುವ ಜಿಗಣೆ. ಆ ಹೆಸರು ಎತ್ತಿದ್ದೇ ತಡ, ರಾಜಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಹೋ! ಅದನ್ನ ಕೇಳ್ಬೇಕು ಮೇಡಂ ನೀವು!" ಕಾಲಿಗೆ ಹತ್ತಿದ ಉಂಬಳ ನೋಡಿ, ಹಾವೇ ಕಚ್ಚಿತೆಂದು, ಹೊಸ ಮದುಮಗಳು ಸೀರೆ ಮೊಣಕಾಲಿಗೆತ್ತಿ, ಹಿರಿಯರೆಲ್ಲ ಕೂತಿದ್ದ ಜಗುಲಿಯ ನಡುವೆ ಕಿರುಚುತ್ತಾ ಓಡಿದ ಕಥೆ. ಎದ್ದು ನಿಂತು, ಪಂಚೆ ಇದ್ದಂತೆ ಪ್ಯಾಂಟಿನ ತುದಿ ಹಿಡಿದು ಅಭಿನಯಿಸಿದರು. ತಮ್ಮ ಅಪ್ಪ ಏನೆಂದರು, ಅಕ್ಕ ಹೇಗೆ ಬಿದ್ದು ಬಿದ್ದು ನಕ್ಕಳು, ಹತ್ತು ವರ್ಷ ಪ್ರತಿ ಮದುವೆ ಮನೆಯಲ್ಲೂ ಈ ಕಥೆ ಹೇಗೆ ಓಡಿತು. ನಾಲ್ಕು ಭೇಟಿಯಲ್ಲಿ ಆತ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳ್ಳೆಯ ಕಥೆಗಾರ, ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಆತನ ಕಣ್ಣು ವಿಮಲಕ್ಕನ ಮೇಲೆ ಬಿತ್ತು.

ಪ್ಯಾಂಟು ಬಿಟ್ಟು ಕೂತರು. ಕೀ ಮೇಜಿನ ಮೇಲಿತ್ತು.

ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಕೆಡುತ್ತಿತ್ತು.

"ಅದಕ್ಕಾ ನೀನು ಅಲ್ಲಿ ನಕ್ಕಿದ್ದು? ಸೇಡಿಗೆ?"

"ಇಲ್ಲ ರೀ. ನಗು ಬಂತು, ನಕ್ಕೆ." ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. "ಒಂಚೂರು ಇರಬಹುದು."

ದಂಪತಿಗಳ ಜಗಳವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್, ಸಂಬಂಧ ಕೆಡಿಸುವವುಗಳಲ್ಲಿ ತಾತ್ಸಾರವನ್ನು ಎಲ್ಲಕ್ಕಿಂತ ಅಪಾಯಕಾರಿ ಎನ್ನುತ್ತಾರೆ. ಮಾತು ನಿಲ್ಲಿಸಿ ಗೋಡೆಯಾಗಿಬಿಡುವುದೂ ಅವರ ಪಟ್ಟಿಯಲ್ಲಿದೆ. ಈ ಹೆಸರುಗಳನ್ನು ನಾನು ಕೋಣೆಯಲ್ಲಿ ಬಳಸುವುದಿಲ್ಲ. ಬಳಸಿದರೆ ಮನೆಗೆ ಹೋಗಿ ಒಬ್ಬರ ಮೇಲೊಬ್ಬರು ಅದನ್ನೇ ಎಸೆಯುತ್ತಾರೆ. ಆದರೆ ಇವರಲ್ಲಿ ತಾತ್ಸಾರ ಇರಲಿಲ್ಲ ಎಂಬುದು ನನಗೆ ಮುಖ್ಯವಾಗಿತ್ತು. ಇದ್ದದ್ದು ಎರಡು ಹಳೆಯ ನಗು, 28 ವರ್ಷದ ಅಂತರದಲ್ಲಿ.

ನಾನು ಕೊಟ್ಟ ಸಲಹೆಯಲ್ಲಿ ದೊಡ್ಡದೇನೂ ಇಲ್ಲ. ವಿಡಿಯೋ ಅಳಿಸಿ ಎಂದು ಲೀಡರಿಗೆ ಹೇಳಬೇಕಾದವರು ರಾಜಣ್ಣ, ವಿಮಲಕ್ಕ ಅಲ್ಲ. ಗುಂಪಿನಲ್ಲಿ ಬರೆಯುವುದೂ ಬೇಡ, ಫೋನು ಮಾಡಿ ಒಂದೇ ವಾಕ್ಯ: "ಅದು ನಂಗೆ ಬೇಜಾರಾಗಿದೆ ಕಣೋ, ತೆಗ್ದುಬಿಡು." ಗಂಡಸರಿಗೆ ಗೆಳೆಯನ ಹತ್ತಿರ ಬೇಜಾರಾಗಿದೆ ಎನ್ನುವುದಕ್ಕಿಂತ ಗೆಳೆತನ ಬಿಡುವುದೇ ಸುಲಭ ಅನ್ನಿಸುತ್ತದೆ. ಆತ ಎರಡು ವಾರ ಸತಾಯಿಸಿ ಮಾಡಿದರು. ಗೆಳೆಯ ತೆಗೆದರು. ಮಗನ ಫೋನಿನಲ್ಲಿ ಇನ್ನೂ ಇದೆಯೋ ಏನೋ.

ಗೆಳೆಯನಿಗೆ ಮಾಡಿದ ಅದೇ ಫೋನಿನಲ್ಲಿ ಇನ್ನೊಂದು ಗಂಟೂ ಬಿಚ್ಚಿತು. ಲೆಕ್ಕದ ಚೀಟಿಯಲ್ಲಿ ಮದ್ಯದ ಪ್ಯಾಕೇಜು ಎಂದು ವಿಮಲಕ್ಕನ ಹೆಸರಿನಲ್ಲೂ ದುಡ್ಡು ಹಿಡಿದಿತ್ತು. ಆಕೆ ಕುಡಿಯುವವರೇ ಅಲ್ಲ. ಗೆಳೆಯ ಟೋಪಿ ಹಾಕಿದ್ದಾನೆ ಎಂದು ರಾಜಣ್ಣ ಎರಡು ತಿಂಗಳು ಒಳಗೇ ಕುದಿದಿದ್ದರು. ಒಂದು ರೂಮಿನಲ್ಲಿ ಒಬ್ಬರು ಆ ಪ್ಯಾಕೇಜು ಕೊಂಡರೆ ಜೊತೆಗಿರುವ ಇನ್ನೊಬ್ಬ ವಯಸ್ಕರೂ ಕೊಳ್ಳಲೇಬೇಕೆಂಬುದು ಹಲವು ಹಡಗು ಕಂಪನಿಗಳ ನಿಯಮ. ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಟಿಪ್ಸು ಕೂಡ ತಾನಾಗಿ ಬಿಲ್ಲಿಗೆ ಸೇರುತ್ತದೆ. ಲೀಡರ್ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಗೆಳೆಯರ ಜೊತೆ ಹೋಗುವವರಿಗೆ ನಾನು ಈಗ ಹೇಳುವುದಿಷ್ಟು: ಹೊರಡುವ ಮುಂಚೆ ಯಾವುದು ಎಲ್ಲರ ಖರ್ಚು, ಯಾವುದು ಅವರವರ ಖರ್ಚು ಎಂದು ಕಾಗದದ ಮೇಲೆ ಬರೆಯಿರಿ, ಬಂದ ಹದಿನೈದು ದಿನದೊಳಗೆ ಚುಕ್ತಾ ಮಾಡಿ. ಎಂಟು ಜನ ಹೋದರೂ ಒಂದು ಹೊತ್ತಿನ ಊಟ ಗಂಡ-ಹೆಂಡತಿ ಇಬ್ಬರೇ ಮಾಡಿ. ಈ ಇಬ್ಬರು 7 ರಾತ್ರಿಯಲ್ಲಿ ಒಂದು ಸಲವೂ ಮಾಡಿರಲಿಲ್ಲ. ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೋದಾಗಲೂ ಜೊತೆಯಲ್ಲಿ ಅತ್ತೆ ಇದ್ದರಂತೆ.

ಮನೆಗೆ ಕೊಟ್ಟ ಕೆಲಸ ಒಂದೇ. ಸಂಜೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತನಕ ನಡೆದು ಹೋಗಿ ಬರಬೇಕು. ಹೋಗುವಾಗ ಒಬ್ಬರು ಹಡಗಿನ ಒಂದು ದಿನವನ್ನು ಹೇಳಬೇಕು, ಇನ್ನೊಬ್ಬರು "ಹಾಗಲ್ಲ, ಹೀಗೆ" ಅನ್ನಬಾರದು. ಬರುವಾಗ ಅದಲುಬದಲು. ಹಡಗು ಮುಗಿದ ಮೇಲೆ ಆ ಮೊದಲ ಮಳೆಗಾಲ. ವಿಮಲಕ್ಕನಿಗೆ ಬೇರೆಯಾಗಿ ಹೇಳಿದ್ದು: ಆತನಿಗೆ ಗೊತ್ತಿಲ್ಲದ್ದನ್ನು ಕಲಿಸಲು ಹೋಗಬೇಡಿ, ನಿಮಗೆ ಯಾವಾಗ ಹೆದರಿಕೆಯಾಗಿತ್ತು ಎಂದು ಹೇಳಿ. ಜಲಪಾತದ ನಡುವೆ ಆಕೆ ಒಮ್ಮೆ ಹೆದರಿ ಕೆಳಗೆ ನೋಡಿದ್ದರಂತೆ. ಚೀಲಗಳ ನಡುವೆ ಗಂಡನ ಬಿಳಿ ಟೋಪಿ ಕಂಡಿತಂತೆ. ಅದು ರಾಜಣ್ಣನಿಗೆ ತಿಳಿದದ್ದು ಪಲ್ಪರ್ ಮನೆಯ ದಾರಿಯಲ್ಲಿ.

ಮೂರು ಪೆಗ್ಗು ಒಂದಕ್ಕೆ ಇಳಿಯಲಿಲ್ಲ. ಎರಡರಲ್ಲಿ ನಿಂತಿದೆ. ಅದರ ಬಗ್ಗೆ ಇನ್ನೂ ಕೆಲಸವಿದೆ.

ಕಳೆದ ಸಲ ಬಂದಾಗ ಹೊಸ ತಕರಾರು. ಲೀಡರ್ ಮುಂದಿನ ವರ್ಷ ಅಲಾಸ್ಕಾ ಎನ್ನುತ್ತಿದ್ದಾರೆ. ವಿಮಲಕ್ಕನಿಗೆ ಹೋಗಬೇಕು. ರಾಜಣ್ಣ ನನ್ನನ್ನೇ ಕೇಳಿದರು, ಅಲ್ಲಿಗೆ ಹಡಗು ಯಾವ ತಿಂಗಳಲ್ಲಿ ಹೋಗುತ್ತದೆ ಅಂತ. ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್ ಎಂದೆ.

"ಮಳೆಗಾಲ," ಎಂದರು. ಲೆಕ್ಕ ಹಾಕಿದರು. "ಹೂವಿನ ಕಾಲ ಅಲ್ಲ. ಕಿಟಕಿ ಇರೋ ರೂಮಾದ್ರೆ ನೋಡೋಣ."

"ಮುಖ ಊದಿಸ್ಕೊಂಡು ಬರೋದಾದ್ರೆ ಬೇಡ ರೀ, ನಾನೊಬ್ಳೇ ಹೋಗ್ತೀನಿ," ಎಂದರು ವಿಮಲಕ್ಕ.

"ಒಬ್ಳೇ ಹೋಗ್ತಾಳಂತೆ," ಎಂದು ರಾಜಣ್ಣ ನನ್ನ ಕಡೆ ತಿರುಗಿದರು. ತೀರ್ಮಾನ ಆಗಿಲ್ಲ.